ಸೊಟ್ಟಗಾದ ಕ್ಯಾನ್ವಾಸ್: ಚಿತ್ರ ಸಂರಕ್ಷಕಿ ಮೇಡಂಗೆ ಗುಂಪಿನಲ್ಲಿ ನಿಮ್ಮ ಪ್ರಶ್ನೆ

ಪೊನ್ನಂಪೇಟೆ: ಮೇಡಂ, ಮಾವ 1970ರ ದಶಕದಲ್ಲಿ ಕೊಂಡ ದೊಡ್ಡ ಆಯಿಲ್ ಪೇಂಟಿಂಗ್ ಇದೆ. ಮಳೆಗಾಲದಲ್ಲಿ ಜೋಲುತ್ತದೆ. ಈಗ ಕೆಳಗಡೆ ಉಬ್ಬಿದೆ, ಉಬ್ಬಿನ ಮೇಲೆ ಸಣ್ಣ ಬಿರುಕು. ಹಿಂದಿನಿಂದ ಬಿಸಿನೀರು ಚಿಮುಕಿಸಿ ಅಂತ ಫಾರ್ವರ್ಡ್ ಬಂದಿದೆ. ಮಾಡಲಾ?

ಸಂರಕ್ಷಕಿ: ದಯವಿಟ್ಟು ಬೇಡ. ಬಣ್ಣಕ್ಕೆ ಮೊದಲು ಬಟ್ಟೆಗೆ ಬಳಿದ ಅಂಟು ತೇವಕ್ಕೆ ಮೆತ್ತಗಾಗುತ್ತೆ, ಅದಕ್ಕೇ ಮಳೆಗಾಲದಲ್ಲಿ ಜೋಲುವುದು. ನೀರೇ ಬಿದ್ದರೆ ನೂಲು ಉಬ್ಬಿ ಬಟ್ಟೆ ಕುಗ್ಗುತ್ತೆ. ಬಣ್ಣ ಕುಗ್ಗಲ್ಲ, ಜಾಗ ಸಾಲದೆ ಎದ್ದು ಉದುರುತ್ತೆ. ನನಗೆ ಚಿಂತೆ ಆ ಉಬ್ಬಿನದು. ಚೌಕಟ್ಟಿನ ಮೂಲೆ ಬಿಗಿ ಮಾಡುವ ಮರದ ಬೆಣೆ ಕಳಚಿ ಚೌಕಟ್ಟಿನ ಕೆಳಪಟ್ಟಿಗೂ ಕ್ಯಾನ್ವಾಸಿಗೂ ನಡುವೆ ಸಿಕ್ಕಿಕೊಂಡಿರಬಹುದು, ಒಮ್ಮೊಮ್ಮೆ ಗೋಡೆಯ ಗಾರೆ ಚೂರೂ ಇರುತ್ತೆ. ಇಬ್ಬರು ಸೇರಿ ಇಳಿಸಿ, ಹಿಂದೆ ಬೆಣೆ ಎಣಿಸಿ, ಸಾಮಾನ್ಯವಾಗಿ ಮೂಲೆಗೆ ಎರಡು. ಚಾಕು ತೂರಿಸಬೇಡಿ. ಸುತ್ತಿಗೆಯಿಂದ ಬೆಣೆ ಹೊಡೆದು ಬಿಗಿ ಮಾಡಲೂಬೇಡಿ. ಕೋಣೆ ಕತ್ತಲು ಮಾಡಿ, ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೋ ಕಳಿಸಿ. ಚಕ್ಕೆ ಎದ್ದಿದ್ದರೆ ಮೊದಲು ಅದನ್ನು ಅಂಟಿಸಬೇಕು. ಆಮೇಲಷ್ಟೇ ಗೋರ್‌ಟೆಕ್ಸ್ (ನೀರು ತಡೆದು ಆವಿ ಮಾತ್ರ ಬಿಡುವ ಬಟ್ಟೆ) ಪದರದ ಮೂಲಕ ಸ್ವಲ್ಪ ಸ್ವಲ್ಪ ಆವಿ ಕೊಟ್ಟು, ಬ್ಲಾಟಿಂಗ್ ಪೇಪರ್ ಇಟ್ಟು, ಹಗುರ ತೂಕದಲ್ಲಿ ಒಣಗಿಸುವುದು. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಸೋಮವಾರಪೇಟೆ: ನಮ್ಮ ಚಿಕ್ಕಪ್ಪ ಆರ್ಟಿಸ್ಟ್. ನೀರು ಹೊಡೆದೇ ಬಿಗಿ ಮಾಡುತ್ತಿದ್ದರು, ಏನೂ ಆಗಿಲ್ಲ.

ವಿರಾಜಪೇಟೆ: ಅದು ಬಣ್ಣ ಹಚ್ಚುವ ಮೊದಲು ಕಣ್ರೀ.

ಸೋಮವಾರಪೇಟೆ: ಹಚ್ಚಿದ ಮೇಲೂ ನೋಡಿದ್ದೇನೆ. ನೀವು ಎಷ್ಟು ಪೇಂಟಿಂಗ್ ನೋಡಿದ್ದೀರಿ?

ನಾಪೋಕ್ಲು: ನಮ್ಮದು ಅಕ್ರಿಲಿಕ್. ಇಸ್ತ್ರಿ ಪೆಟ್ಟಿಗೆ, ಕಡಿಮೆ ಬಿಸಿ?

ಸಂರಕ್ಷಕಿ: ಬೇಡ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತೆ.

ಗೋಣಿಕೊಪ್ಪ: ರಿಪೇರಿಗೆ ಖರ್ಚೆಷ್ಟು ಆಗುತ್ತೆ?

ಮಡಿಕೇರಿ: ಹಿಂದೆ ಮೇಣ ಹಾಕಿ ಇನ್ನೊಂದು ಬಟ್ಟೆ ಅಂಟಿಸಿದರೆ ಶಾಶ್ವತ ಅಂತಾರಲ್ಲ?

ಸಂರಕ್ಷಕಿ: ಹಿಂದೆ ಹಾಗೇ ಮಾಡುತ್ತಿದ್ದರು. ಮೇಣ ಇಳಿದರೆ ಬಣ್ಣ ಕಪ್ಪಾಗಬಹುದು, ಪೂರ್ತಿ ತೆಗೆಯಲೂ ಆಗಲ್ಲ. 1974ರಲ್ಲಿ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ನಡೆದ ಸಂರಕ್ಷಕರ ಸಮ್ಮೇಳನದಲ್ಲೇ ಇದರ ಬಗ್ಗೆ ದೊಡ್ಡ ಚರ್ಚೆ ಆಗಿದೆ. ಆಧುನಿಕ ಚಿತ್ರಗಳಲ್ಲಿ ಎಷ್ಟೋ ಕಡೆ ಪ್ರೈಮರ್ (ಬಣ್ಣದ ಕೆಳಗಿನ ತಳಲೇಪ) ಇಲ್ಲದ ಬಟ್ಟೆಯೇ ಕಾಣುತ್ತೆ, ಅಲ್ಲಿ ಮೇಣದ ಕಲೆ ಕೂತರೆ ಮುಗೀತು.

ಕುಶಾಲನಗರ: ಬಿಸಿಲಲ್ಲಿ ಇಡಬಹುದಾ?

ಸಂರಕ್ಷಕಿ: ಬೇಡ.

ಶನಿವಾರಸಂತೆ: ಹೇರ್ ಡ್ರೈಯರ್?

ಸಂರಕ್ಷಕಿ: ಮೇಲೆ ಓದಿ.

ಸೋಮವಾರಪೇಟೆ: ಎಲ್ಲದಕ್ಕೂ ಬೇಡ ಅಂದರೆ ದುಡ್ಡಿಲ್ಲದವರು ಏನು ಮಾಡಬೇಕು? ಸುಮ್ನೆ ಹೆದರಿಸುತ್ತೀರಿ.

ವಿರಾಜಪೇಟೆ: ಕೇಳಿಸಿಕೊಳ್ಳುವ ತಾಳ್ಮೆ ಇಲ್ಲದಿದ್ದರೆ ಗುಂಪು ಬಿಡಿ.

ಸಂರಕ್ಷಕಿ: ಜಗಳ ನಿಲ್ಲಿಸಿ. ದುಡ್ಡಿಲ್ಲದೆ ಮಾಡಬಹುದಾದ್ದು ಇದೆ. ಮಳೆ ಹೊಡೆಯುವ ಗೋಡೆಯಿಂದ, ಒಲೆ ಮೇಲಿಂದ ಚಿತ್ರ ತೆಗೆದು ಒಳಗೋಡೆಗೆ ಹಾಕಿ. ಫ್ರೇಮಿನ ಹಿಂದೆ ಮೂಲೆಗಳಿಗೆ ಕಾರ್ಕ್ ತುಂಡು ಅಂಟಿಸಿ, ಗಾಳಿ ಆಡಲಿ. ತೋರಿಸಬೇಕೆಂದರೆ ಬೆಂಗಳೂರಿನಲ್ಲಿ ಇಂಟ್ಯಾಕ್ (ಪರಂಪರೆ ಉಳಿಸುವ ಸಂಸ್ಥೆ) ಸಂರಕ್ಷಣಾ ಕೇಂದ್ರ ಇದೆ. ನೀರಿನ ಆ ಮೆಸೇಜ್ ಮತ್ತೆ ಹಾಕಬೇಡಿ, ಚಿತ್ರ ಹೋದರೆ ಹೋಯಿತು.

ಪೊನ್ನಂಪೇಟೆ: ಮೇಡಂ, ಇಳಿಸಿದೆವು. ಬೆಣೆ ಏಳೇ ಇವೆ. ಬಿರುಕಿನ ಅಂಚು ಎದ್ದಿದೆ.

ಸಂರಕ್ಷಕಿ: ಮತ್ತೆ ನೇತು ಹಾಕಬೇಡಿ. ಮುಖ ಮೇಲೆ ಮಾಡಿ ಮಂಚದ ಮೇಲೆ ಮಲಗಿಸಿ. ಯಾರೂ ಒರೆಸಬೇಡಿ, ಚಕ್ಕೆ ಬಿದ್ದರೆ ಎತ್ತಿ ಡಬ್ಬಿಯಲ್ಲಿಡಿ. ಸಂಜೆ ಫೋನ್ ಮಾಡುತ್ತೇನೆ.