ಬಿಎಸ್ಸಿ ಆದಮ್ಯಾಲೆ ಎನ್ವಿರಾನ್ಮೆಂಟಲ್ ಸೈನ್ಸೋ, ಬಾಟನಿ ತಗೊಂಡು ಇಕಾಲಜಿನೋ?

ಗದಗಿನ ಹುಡುಗಿ:
ಎಲ್ಲಾರಿಗೂ ನಮಸ್ಕಾರ್ರಿ. ನಾನು ಗದಗದಾಗ ಬಿಎಸ್ಸಿ ಕೊನೀ ವರ್ಷ ಓದಾಕತ್ತೀನಿ, ಬಾಟನಿ ಮತ್ತ ಕೆಮಿಸ್ಟ್ರಿ. ಎಂಎಸ್ಸಿ ಮಾಡೂದಂತೂ ಗಟ್ಟಿ, ಆದ್ರ ಎನ್ವಿರಾನ್ಮೆಂಟಲ್ ಸೈನ್ಸ್ ತಗೋಬೇಕೋ ಇಲ್ಲಾ ಬಾಟನಿ ತಗೊಂಡು ಅದ್ರಾಗ ಇಕಾಲಜಿ ಮಾಡಬೇಕೋ ತಿಳೀವಲ್ದು. ಡಿಗ್ರಿಯೊಳಗ ಎಲ್ಲಾರಿಗೂ ಒಂದು ಪರಿಸರದ ಪೇಪರ್ ಇರ್ತೈತಲ್ಲ, ಅದನ್ನ ಓದಿದ್ರ ಎರಡೂ ಒಂದ ಅನ್ನಸ್ತೈತಿ. ಮನ್ಯಾಗ "ಅದನ್ನ ಓದಿದ್ರ ನೌಕರಿ ಎಲ್ಲಿ ಸಿಗತೈತಿ, ಸುಮ್ನ ಬಿಎಡ್ ಮಾಡು" ಅಂತಾರ. ನಮ್ಮ ಜಿಲ್ಲೆಯ ಕಪ್ಪತಗುಡ್ಡ, ಹಕ್ಕಿ ಬರೂ ಮಾಗಡಿ ಕೆರಿ ಇಷ್ಟ ಹತ್ರ ಇಟ್ಕೊಂಡು ಇದನ್ನ ಬಿಡಾಕ ನಂಗ ಮನಸಿಲ್ಲ. ಮುಂದ ಐಎಫ್ಎಸ್ (ಅರಣ್ಯ ಸೇವೆ) ಪರೀಕ್ಷೆ ಬರೀಬೇಕಂತನೂ ಆಸೆ ಐತಿ. ಓದಿದವರು ಯಾರರ ಇದ್ರ ಹೇಳ್ರಿ.

ಕೆರಿನೀರು (ಹುಬ್ಬಳ್ಳಿ):
ತಂಗಿ, ಎರಡೂ ಒಂದ ಅಲ್ಲ. ನಾನು ಎನ್ವಿರಾನ್ಮೆಂಟಲ್ ಸೈನ್ಸ್ ಎಂಎಸ್ಸಿ ಮಾಡಿ ಈಗ ನೀರು ಟೆಸ್ಟ್ ಮಾಡೂ ಲ್ಯಾಬ್‌ನ್ಯಾಗ ಅದೀನಿ. ನಮ್ಮದು ಅರ್ಧಕ್ಕಿಂತ ಜಾಸ್ತಿ ಕೆಮಿಸ್ಟ್ರಿ. ನೀರಾಗ ಕರಗಿದ ಆಕ್ಸಿಜನ್ ಎಷ್ಟೈತಿ ನೋಡಾಕ ಉಣಕಲ್ ಕೆರಿ ನೀರು ಒಂದು ಬಾಟ್ಲಿ ತಂದ್ವಿ ಅಂತ ಇಟ್ಕೋ, ಇದಕ್ಕಂತನ ಇರೂ 300 ಎಂಎಲ್ ಬಿಒಡಿ ಬಾಟ್ಲಿ, ಒಳಗ ಒಂದು ಗಾಳಿ ಗುಳ್ಳಿನೂ ಇರಬಾರ್ದು, ಮ್ಯಾಂಗನೀಸ್ ಸಲ್ಫೇಟ್ ಮತ್ತ ಅಲ್ಕಲಿ ಅಯೊಡೈಡ್ ಹಾಕಿದ ಕೂಡ್ಲೇ ಕಂದು ಬಣ್ಣದ ಗಸಿ ಇಳೀತೈತಿ, ಆಮ್ಯಾಲೆ ಆಸಿಡ್ ಹಾಕಿ ಥಯೊಸಲ್ಫೇಟ್‌ಲೆ ಟೈಟ್ರೇಟ್ ಮಾಡಬೇಕು, ಸ್ಟಾರ್ಚ್ ನೀಲಿ ಹೋಗೂತನಕ. ಗಸಿ ಬೆಳ್ಳಗ ಬಿತ್ತಂದ್ರ ಆ ನೀರಾಗ ಆಕ್ಸಿಜನ್ನ ಇಲ್ಲ ಅಂತ ಅರ್ಥ, ಅದನ್ನ ಮೊದಲ್ನೇ ಸಲ ನೋಡಿದ ದಿನ ನಂಗ ಊಟ ಸೇರ್ಲಿಲ್ಲ. ಇದರ ಜೋಡಿ ಕಾಯ್ದೆನೂ ಓದಬೇಕು, 1974ರ ಜಲ ಕಾಯ್ದೆ, 1986ರ ಪರಿಸರ ಕಾಯ್ದೆ, 2006ರ ಇಐಎ (ಯೋಜನೆಯಿಂದ ಪರಿಸರಕ್ಕ ಏನಾಗತೈತಿ ಅಂತ ಮೊದಲ ಅಂದಾಜು ಮಾಡೂದು) ಅಧಿಸೂಚನೆ. ನೌಕರಿ ಲ್ಯಾಬ್, ಇಐಎ ಕನ್ಸಲ್ಟೆನ್ಸಿ, ಫ್ಯಾಕ್ಟರಿ ಇಟಿಪಿ (ಹೊಲಸು ನೀರು ಶುದ್ಧ ಮಾಡೂ ಘಟಕ) ಇಂಥಾ ಕಡೆ ಸಿಗತಾವ. ಮೊದಮೊದಲು ಪಗಾರ ಕಮ್ಮಿನ, ಅದನ್ನ ಮುಚ್ಚಿಡೂದಿಲ್ಲ. ಶಂಕರಘಟ್ಟದ ಕುವೆಂಪು ವಿವಿ, ಮೈಸೂರು ವಿವಿ ಎರಡರಾಗೂ ಇದರ ವಿಭಾಗ ಅದಾವ, ನೋಡು.

ಹುಲ್ಲುಗಾವಲು (ರಾಣೇಬೆನ್ನೂರು):
ಮ್ಯಾಲಿನವರು ಹೇಳಿದ್ದು ಖರೆ, ಆದ್ರ ಇಕಾಲಜಿ ಅಂದ್ರ ಬ್ಯಾರೆ ಥರದ ಪ್ರಶ್ನೆರೀ. ಯಾವ ಜೀವಿ ಎಲ್ಲಿ ಎಷ್ಟು ಅದಾವ, ಯಾಕ ಅಷ್ಟ ಅದಾವ, ಇದನ್ನ ಕೇಳೂದು. ನಮ್ಮೂರ ಕೃಷ್ಣಮೃಗ ಅಭಯಾರಣ್ಯ ತಗೋರಿ, 1974ರಾಗ ಘೋಷಣೆ ಆತು, 119 ಚದರ ಕಿಲೋಮೀಟರ್. ಒಳಗ ಹೋದ್ರ ಭಾಳ ಕಡೆ ನೀಲಗಿರಿ ಗಿಡ. ಕೃಷ್ಣಮೃಗಕ್ಕ ಬೇಕಾಗಿದ್ದು ಬಯಲು, ಹುಲ್ಲು, ದೂರದಿಂದ ಬರೂ ತೋಳ ಕಾಣಬೇಕು ಅದಕ್ಕ. ಎರೆಭೂತ, ಅಂದ್ರ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅದೂ ಇಲ್ಲಿ ಇತ್ತು, ಈಗಿಲ್ಲ. ಸರ್ಕಾರಿ ಕಾಗದದಾಗ ಹುಲ್ಲುಗಾವಲಿಗೆ "ಬಂಜರು" ಅಂತ ಬರದು, ಖಾಲಿ ಜಾಗ ಐತಿ ಗಿಡ ಹಚ್ರಿ ಅಂದ್ರು. ಗಿಡ ಹಚ್ಚೂದು ಎಲ್ಲಾ ಕಡೆ ಒಳ್ಳೇದಲ್ಲ ಅಂತ ಒಂದು ಮಾತು ಅರ್ಥ ಆಗಾಕ ನಂಗ ಇಕಾಲಜಿ ಓದಬೇಕಾತು. 1987ರಾಗ ನಮ್ಮ ಜಿಲ್ಲೆಯ ಕುಸನೂರಿನ ರೈತ್ರು ನೀಲಗಿರಿ ಕಿತ್ತು ತಮಗ ಬೇಕಾದ ಗಿಡ ಹಚ್ಚಿದ್ರು, ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅಂತ ಅದಕ್ಕ ಹೆಸರು ನೋಡ್ರಿ.

ಇಕಾಲಜಿಗೆ ಬರವ್ರು ಸ್ಟ್ಯಾಟಿಸ್ಟಿಕ್ಸ್‌ಗೆ ಹೆದರಬಾರ್ದು. ಎಣಿಸಿ ತಂದಿದ್ದನ್ನ ಲೆಕ್ಕಕ್ಕ ಕೂಡ್ಸಾಕ ಬರ್ಲಿಲ್ಲಂದ್ರ ಬಿಸಲಾಗ ತಿರಗಿದ್ದು ವ್ಯರ್ಥ. ಲೆಕ್ಕಕ್ಕ ಆರ್, ನಕ್ಷೆಗೆ ಕ್ಯೂಜಿಐಎಸ್, ಈ ಎರಡೂ ಸಾಫ್ಟ್‌ವೇರ್ ಫ್ರೀ ಅದಾವ, ಈಗ್ಲೇ ಚಾಲೂ ಮಾಡ್ರಿ.

ಧಾರವಾಡ ಪೇಢೆ:
ಐಎಫ್ಎಸ್ ವಿಷಯ ಯಾರೂ ಹೇಳ್ಲಿಲ್ಲ, ಅದು ಮುಖ್ಯ ಅದರೀ. ಆ ಪರೀಕ್ಷೆಗೆ ಕೂಡಬೇಕಂದ್ರ ಡಿಗ್ರಿಯೊಳಗ ಬಾಟನಿ, ಝೂವಾಲಜಿ, ಕೆಮಿಸ್ಟ್ರಿ, ಜಿಯಾಲಜಿ, ಫಿಸಿಕ್ಸ್, ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್, ಪಶುವೈದ್ಯಕೀಯ ಇವುಗಳೊಳಗ ಒಂದರ ಇರಬೇಕು, ಇಲ್ಲಾ ಅಗ್ರಿ, ಫಾರೆಸ್ಟ್ರಿ, ಇಂಜಿನಿಯರಿಂಗ್ ಡಿಗ್ರಿ ಇರಬೇಕು. ಎನ್ವಿರಾನ್ಮೆಂಟಲ್ ಸೈನ್ಸ್ ಆ ಪಟ್ಟಿಯೊಳಗ ಇಲ್ಲ, ಆಪ್ಷನಲ್ ಸಬ್ಜೆಕ್ಟ್‌ದಾಗೂ ಇಲ್ಲ. ನಿಮಗ ಬಾಟನಿ, ಕೆಮಿಸ್ಟ್ರಿ ಇದ್ದದ್ದಕ್ಕ ಎಂಎಸ್ಸಿ ಯಾವುದು ಮಾಡಿದ್ರೂ ಬಾಗಿಲು ತೆರದದ. ಆದ್ರ ಬಾಟನಿ ಎಂಎಸ್ಸಿ ಮಾಡಿದ್ರ ಅದೇ ಆಪ್ಷನಲ್‌ಗೂ ಆಗ್ತದ. ಕಾಲೇಜು ಲೆಕ್ಚರರ್ ಆಗಾಕ, ರಿಸರ್ಚ್ ಫೆಲೋಶಿಪ್‌ಗೆ ಬರಿಯೂ ನೆಟ್ ಪರೀಕ್ಷೆ ಸಹಿತ ಬ್ಯಾರೆ ಬ್ಯಾರೆ, ಎನ್ವಿರಾನ್ಮೆಂಟಲ್ ಸೈನ್ಸ್ ಯುಜಿಸಿ ನೆಟ್‌ದಾಗ ಬರ್ತದ, ಇಕಾಲಜಿಯವರು ಸಾಮಾನ್ಯವಾಗಿ ಸಿಎಸ್ಐಆರ್ ಲೈಫ್ ಸೈನ್ಸಸ್ ಬರೀತಾರ. ಸಿರ್ಸಿ ಫಾರೆಸ್ಟ್ರಿ ಕಾಲೇಜು ನಮ್ಮ ಕೃಷಿ ವಿವಿ ಕೆಳಗ ಅದ, ಆದ್ರ ಅಲ್ಲಿಯ ಬಿಎಸ್ಸಿ ಪಿಯುಸಿ ನಂತರದ್ದು, ತಮ್ಮಂದಿರು ತಂಗ್ಯಾರು ಇದ್ರ ಅವರಿಗೆ ಹೇಳ್ರಿ.

ಗದಗಿನ ಹುಡುಗಿ:
ಐಎಫ್ಎಸ್ ಪಟ್ಟಿ ಗೊತ್ತಿರ್ಲಿಲ್ಲ, ಭಾಳ ಉಪಕಾರ ಆತು. ಹಂಗಾದ್ರ ಬಾಟನಿ ಕಡೆನ ಮನಸು ವಾಲೇತಿ. ಕಡೀ ಸೆಮಿಸ್ಟರ್ ಪ್ರಾಜೆಕ್ಟ್ ಕಪ್ಪತಗುಡ್ಡದಾಗ ಮಾಡ್ಲೋ ಮಾಗಡಿ ಕೆರ್ಯಾಗ ಮಾಡ್ಲೋ?

ಕೆರಿನೀರು (ಹುಬ್ಬಳ್ಳಿ):
ಒಂದು ಸೆಮಿಸ್ಟರ್ ಅಷ್ಟ ಐತಂದ್ರ ಕೆರಿ ತಗೋ, ಗುಡ್ಡ ದೊಡ್ಡದಾತು. ಮಾಗಡಿ 2024ರಾಗ ರಾಮ್ಸರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು, ಕೆರಿಗಳ ಪಟ್ಟಿ) ಸೇರೇತಿ, ಚಳಿಗಾಲಕ್ಕ ಪಟ್ಟೆತಲೆ ಹೆಬ್ಬಾತು ಬರ್ತಾವ, ಹಗಲು ಕೆರ್ಯಾಗ ಕುಂತು ಮೇಯಾಕ ಸುತ್ತಲಿನ ಹೊಲಕ್ಕ ಹೋಗ್ತಾವ, ಅವುಗಳ ಹಿಕ್ಕಿಯಿಂದ ನೀರಾಗ ನೈಟ್ರೋಜನ್, ಫಾಸ್ಫರಸ್ ಸೇರತೈತಿ. ಹಕ್ಕಿ ಇದ್ದಾಗ ಒಮ್ಮೆ, ಹೋದಮ್ಯಾಲೆ ಒಮ್ಮೆ ನೀರು ನೋಡಿದ್ರ ನಿನ್ನ ಬಾಟನಿ, ಕೆಮಿಸ್ಟ್ರಿ ಎರಡೂ ಬಳಕಿ ಆಗ್ತಾವ. ಒಂದ ನೆನಪಿರ್ಲಿ, ಪ್ರತಿ ಸಲ ಅದ ಹೊತ್ತಿಗೆ ಸ್ಯಾಂಪಲ್ ತಗೀಬೇಕು, ಪಾಚಿ ಬಿಸಲಾಗ ಆಕ್ಸಿಜನ್ ಬಿಡ್ತೈತಿ, ಹಿಂಗಾಗಿ ಮುಂಜಾನೆ ಕಮ್ಮಿ ಇದ್ದದ್ದು ಮಧ್ಯಾಹ್ನ ಏರಿರ್ತೈತಿ, ಹೊತ್ತು ಬದಲಾದ್ರ ಹಕ್ಕಿಯಿಂದ ಆದ ಫರಕ ಯಾವುದು ಬಿಸಲಿಂದ ಆದದ್ದು ಯಾವುದು ಗೊತ್ತಾಗಂಗಿಲ್ಲ. ಮತ್ತ ಅದು ಸಂರಕ್ಷಿತ ಜಾಗ, ಅರಣ್ಯ ಇಲಾಖೆ ಪರ್ಮಿಷನ್ ಬೇಕು. ನಿಮ್ಮ ಗೈಡ್ ಕಡಿಂದ ಈಗ್ಲೇ ಅರ್ಜಿ ಹಾಕಿಸು, ಹಕ್ಕಿ ಬಂದಮ್ಯಾಲೆ ಹಾಕಿದ್ರ ಸೀಸನ್ ಮುಗದಿರ್ತೈತಿ.