‘ತಾಳೆಯಾಗಿದೆ’ ಎಂದರೆ ‘ಅವನದೇ’ ಎಂದೇ?

ಪ್ರಶ್ನೆ: ಅಪರಾಧ ಪ್ರಯೋಗಾಲಯದ ವರದಿಯನ್ನು ಕನ್ನಡಕ್ಕೆ ತರುವಾಗ ಎರಡು ಕಡೆ ತೊಡಕಾಗುತ್ತಿದೆ. ಮೊದಲನೆಯದು ‘ಟ್ರೇಸ್ ಎವಿಡೆನ್ಸ್’, ಅಂದರೆ ಕೂದಲು, ನೂಲೆಳೆ, ಗಾಜಿನ ಚೂರಿನಂಥವು. ಸೂಕ್ಷ್ಮ ಸಾಕ್ಷ್ಯ, ಜಾಡು ಸಾಕ್ಷ್ಯ, ಕುರುಹು ಮೂರೂ ಬಳಕೆಯಲ್ಲಿವೆ. ಯಾವುದು ಸರಿ? ಎರಡನೆಯದು ‘ಮ್ಯಾಚ್’. ಸುದ್ದಿಗಳಲ್ಲಿ ‘ಕೂದಲು ಆರೋಪಿಯದೇ ಎಂದು ದೃಢಪಟ್ಟಿದೆ’ ಎಂದಿರುತ್ತದೆ. ಮೂಲ ವರದಿಯ ಮಾತು ಅಷ್ಟು ಗಟ್ಟಿಯಾಗಿಲ್ಲ. ‘ತಾಳೆಯಾಗಿದೆ’ ಎಂದರೆ ಸಾಕೆ?

ಉತ್ತರ: ‘ಸೂಕ್ಷ್ಮ’ ಬೇಡ. ಇಲ್ಲಿ ಗಾತ್ರ ಮುಖ್ಯವಲ್ಲ. ಡಿಕ್ಕಿ ಹೊಡೆದ ಕಾರಿನಿಂದ ಎದ್ದ ಬಣ್ಣದ ಚಕ್ಕೆ ಬರಿಗಣ್ಣಿಗೇ ಕಾಣುತ್ತದೆ, ಆದರೂ ಅದು ಇದೇ ಗುಂಪಿಗೆ ಸೇರಿದ್ದು. ಒಂದು ಇನ್ನೊಂದಕ್ಕೆ ತಾಗಿದಾಗ ಇದರದು ಅದಕ್ಕೆ, ಅದರದು ಇದಕ್ಕೆ ಅಂಟಿಕೊಳ್ಳುವುದೇ ಮುಖ್ಯ. 1910ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದ ಎಡ್ಮಂಡ್ ಲೊಕಾರ್ಡ್ ಹೆಸರಿನಲ್ಲಿ ಪ್ರಸಿದ್ಧವಾದ ವಿನಿಮಯ ತತ್ವ ಹೇಳುವುದೂ ಇಷ್ಟೇ. ‘ಜಾಡು’ ಎಂದರೆ ಓದುಗರ ಮನಸ್ಸು ಹೆಜ್ಜೆಗಳ ಸಾಲನ್ನು ಹಿಂಬಾಲಿಸುತ್ತದೆ. ‘ಕುರುಹು’ ಇರಲಿ. ಹಳೆಯ ಅರ್ಥದ ‘ಸೋಂಕು’, ಅಂದರೆ ತಾಗುವಿಕೆ, ಇಲ್ಲಿ ಸೊಗಸಾಗಿ ಕೂರುತ್ತಿತ್ತು. ಆದರೆ ಈಗ ಆ ಪದಕ್ಕೆ ರೋಗವೇ ಅರ್ಥ, ಆಸೆ ಬಿಡಬೇಕು.

ಬಟ್ಟೆಯ ಮೇಲಿರುವುದು ಕುರುಹು. ಅದರ ಬಲದಿಂದ ನ್ಯಾಯಾಲಯದ ಮುಂದೆ ಏನನ್ನಾದರೂ ಸಾಧಿಸಹೊರಟಾಗ ಅದು ಸಾಕ್ಷ್ಯ. ಈ ವ್ಯತ್ಯಾಸ ಉಳಿಸಿಕೊಂಡರೆ ಇನ್ನೊಂದು ಗೊಂದಲವೂ ತಪ್ಪುತ್ತದೆ. ಬಟ್ಟೆಗೆ ಅಂಟಿದ ಅನ್ಯ ನೂಲೆಳೆಗಳಲ್ಲಿ ಬಹುಪಾಲು ಮೊದಲ ಕೆಲವೇ ಗಂಟೆಗಳ ಓಡಾಟದಲ್ಲಿ ಉದುರಿಹೋಗುತ್ತವೆ. ಆದ್ದರಿಂದ ‘ಕುರುಹು ಸಿಕ್ಕಿಲ್ಲ’ ಎಂಬುದನ್ನು ‘ಸಂಪರ್ಕ ಆಗಿರಲಿಲ್ಲ’ ಎಂದು ಅನುವಾದಿಸಬಾರದು.

ಇನ್ನೊಂದು ಉತ್ತರ: ‘ತಾಳೆ’ ಪದವನ್ನು ಕೆಲಸಕ್ಕೆ ಬಳಸಿ, ಫಲಿತಾಂಶಕ್ಕೆ ಬಳಸಬೇಡಿ. ‘ಎರಡು ಮಾದರಿಗಳನ್ನು ತಾಳೆ ನೋಡಲಾಯಿತು’ ಎನ್ನುವುದು ನಿರ್ದುಷ್ಟ. ‘ತಾಳೆಯಾಗಿದೆ’ ಎಂದೊಡನೆ ಲೆಕ್ಕ ಚುಕ್ತಾ ಆಯಿತೆಂಬ ಭಾವನೆ ಬರುತ್ತದೆ.

ಗಾಜಿನ ಚೂರನ್ನೇ ತೆಗೆದುಕೊಳ್ಳಿ. ಅದನ್ನು ಸಿಲಿಕೋನ್ ಎಣ್ಣೆಯಲ್ಲಿ ಮುಳುಗಿಸಿ ಸೂಕ್ಷ್ಮದರ್ಶಕದ ಕೆಳಗೆ ನಿಧಾನವಾಗಿ ಕಾಯಿಸುತ್ತಾರೆ. ಬಿಸಿ ಏರಿದಂತೆ ಎಣ್ಣೆಯ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಇಳಿಯುತ್ತದೆ, ಗಾಜಿನದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಎರಡೂ ಸಮವಾದ ಕ್ಷಣ ಚೂರಿನ ಅಂಚು ಕಣ್ಣಿಗೆ ಕಾಣದಾಗುತ್ತದೆ. ಆ ಉಷ್ಣತೆಯಿಂದ ಸೂಚ್ಯಂಕ ಲೆಕ್ಕ ಹಾಕುತ್ತಾರೆ. ಸಾಮಾನ್ಯ ಕಿಟಕಿ ಗಾಜಿಗೆ ಅದು 1.52ರ ಆಸುಪಾಸು, ಹಾಗಾಗಿ ಒಂದು ಗಾಜಿಗೂ ಇನ್ನೊಂದಕ್ಕೂ ಭೇದ ಸಿಗುವುದು ಮುಂದಿನ ದಶಮಾಂಶ ಸ್ಥಾನಗಳಲ್ಲಿ. ಚೂರಿನ ಸೂಚ್ಯಂಕ ಒಡೆದ ಕಿಟಕಿಯದಕ್ಕಿಂತ ಸ್ಪಷ್ಟವಾಗಿ ಬೇರೆಯಾಗಿದ್ದರೆ ‘ಆ ಗಾಜಿನದಲ್ಲ’ ಎಂದು ಧೈರ್ಯವಾಗಿ ಬರೆಯಬಹುದು. ಒಂದೇ ಆಗಿದ್ದರೆ? ಅದೇ ಕಾರ್ಖಾನೆಯಲ್ಲಿ ಅದೇ ಹೊತ್ತಿಗೆ ತಯಾರಾದ ಇತರ ಹಾಳೆಗಳಲ್ಲೂ ಅದೇ ಸಂಖ್ಯೆ ಸಿಗುತ್ತದೆ. ಅಲ್ಲಿ ಬರೆಯಬೇಕಾದ್ದು ‘ಅಳೆದ ಗುಣಗಳಲ್ಲಿ ವ್ಯತ್ಯಾಸ ಕಂಡುಬಂದಿಲ್ಲ, ಆ ಕಿಟಕಿಯಿಂದ ಬಂದಿರಬಹುದು, ಅದೇ ಗುಣದ ಬೇರೆ ಗಾಜಿನಿಂದಲೂ ಬಂದಿರಬಹುದು’ ಎಂದು. ಉದ್ದವಾಯಿತು ಎನ್ನಿಸಬಹುದು. ಉದ್ದವೇ ಇರಲಿ. ‘ಅಲ್ಲ’ ಎನ್ನುವುದು ಸುಲಭ, ‘ಹೌದು’ ಎನ್ನುವುದು ಕಷ್ಟ. ಈ ಅಸಮತೋಲ ಅನುವಾದದಲ್ಲೂ ಕಾಣಬೇಕು.

ಇದಕ್ಕೊಂದು ಅಪವಾದವಿದೆ. ಒಡೆದ ದೀಪದ ಎರಡು ತುಂಡುಗಳ ಅಂಕುಡೊಂಕಾದ ಅಂಚುಗಳು ಒಂದಕ್ಕೊಂದು ಕೂಡಿಕೊಂಡರೆ, ಅವು ಒಂದೇ ವಸ್ತುವಿನ ಭಾಗಗಳೆಂದು ಹೇಳಲು ಆಧಾರ ಬಲವಾಗುತ್ತದೆ. ಅದಕ್ಕೆ ‘ಕೂಡಿಕೆ’ ಎಂಬ ಪದವನ್ನು ಪ್ರತ್ಯೇಕವಾಗಿ ಮೀಸಲಿಡಿ, ‘ಹೋಲಿಕೆ’ಯ ಜೊತೆ ಬೆರೆಸಬೇಡಿ.

ಕೂದಲಿನ ವಿಷಯದಲ್ಲಂತೂ ‘ದೃಢ’ ಎಂಬ ಪದ ಅಪಾಯಕಾರಿ. ಬೇರಿನ ಭಾಗ ಉಳಿದಿದ್ದರೆ ಕೋಶಕೇಂದ್ರದ ಡಿಎನ್‌ಎ ಸಿಗುವ ಅವಕಾಶವಿದೆ. ಬರೀ ಎಳೆಯಿಂದ ಸಾಮಾನ್ಯವಾಗಿ ತೆಗೆಯುವುದು ಮೈಟೊಕಾಂಡ್ರಿಯಾದ, ಅಂದರೆ ಕೋಶಕೇಂದ್ರದ ಹೊರಗಿರುವ ಪುಟ್ಟ ಭಾಗಗಳ, ಡಿಎನ್‌ಎ. ಅದು ತಾಯಿಯಿಂದ ಬರುವಂಥದ್ದು, ಆದ್ದರಿಂದ ಒಡಹುಟ್ಟಿದವರನ್ನು ಅದರಿಂದ ಬೇರ್ಪಡಿಸಲಾಗದು. ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವುದು ಇನ್ನೂ ದುರ್ಬಲ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಪರೀಕ್ಷಕರು ಕೂದಲಿನ ಬಗ್ಗೆ ನ್ಯಾಯಾಲಯಗಳಲ್ಲಿ ಕೊಟ್ಟಿದ್ದ ಹಳೆಯ ಹೇಳಿಕೆಗಳನ್ನು ಮರುಪರಿಶೀಲಿಸಿದಾಗ, ನೋಡಿದ ವಿಚಾರಣಾ ದಾಖಲೆಗಳಲ್ಲಿ ಕನಿಷ್ಠ ಶೇ 90ರಷ್ಟರಲ್ಲಿ ತಪ್ಪು ಹೇಳಿಕೆಗಳಿದ್ದವೆಂದು 2015ರಲ್ಲಿ ಒಪ್ಪಿಕೊಂಡಿತು. ಅಲ್ಲಿನ ದೋಷದ ದೊಡ್ಡ ಪಾಲು ಮಾತಿನದು: ಹೋಲುತ್ತದೆ ಎನ್ನಬೇಕಾದ ಕಡೆ ಅದಕ್ಕಿಂತ ಹೆಚ್ಚು ಹೇಳಿದ್ದು.

ಡಿಎನ್‌ಎ ವರದಿಯ ಸಂಖ್ಯೆಯಲ್ಲೂ ಎಚ್ಚರ. ‘ಸಂಬಂಧವಿಲ್ಲದ ಹತ್ತು ಲಕ್ಷ ಜನರಲ್ಲಿ ಒಬ್ಬರಲ್ಲಿ ಈ ವಿನ್ಯಾಸ ಕಾಣಬಹುದು’ ಎಂಬುದನ್ನು ‘ಆರೋಪಿ ನಿರಪರಾಧಿಯಾಗಿರುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು’ ಎಂದು ಬರೆದುಬಿಡುತ್ತಾರೆ. ಎರಡೂ ಬೇರೆಬೇರೆ. ‘ಸಾಧ್ಯತೆ’ ಎಂದು ಬರೆದ ಕಡೆಯೆಲ್ಲ ಯಾವುದರ ಸಾಧ್ಯತೆ ಎಂದು ಅದೇ ವಾಕ್ಯದಲ್ಲಿ ಹೇಳಿ.

ಮರುಪ್ರಶ್ನೆ: ಉಪಯುಕ್ತವಾಯಿತು. ಇದೇ ಕಡತದಲ್ಲಿ ಮಾದರಿ ಸಂಗ್ರಹದ ಸೂಚನೆಗಳೂ ಇವೆ. ‘ಸ್ಟೆರೈಲ್’ ಹತ್ತಿಕಡ್ಡಿಗೆ ‘ಶುದ್ಧ’ ಎಂದೂ, ‘ಸೀಲ್’ ಮಾಡುವುದಕ್ಕೆ ‘ಗಾಳಿಯಾಡದಂತೆ ಮುಚ್ಚಿ’ ಎಂದೂ ಹಾಕಿದ್ದೇನೆ.

ಉತ್ತರ: ಎರಡನ್ನೂ ಬದಲಿಸಿ. ಕ್ರಿಮಿ ಸತ್ತಿದೆ ಎಂದರೆ ಡಿಎನ್‌ಎ ಇಲ್ಲ ಎಂದಲ್ಲ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಹಲವಾರು ಪ್ರಕರಣಗಳಲ್ಲಿ ಒಬ್ಬಳೇ ಅಜ್ಞಾತ ಮಹಿಳೆಯ ಡಿಎನ್‌ಎ ಸಿಗುತ್ತಿತ್ತು. ಅದು ಹತ್ತಿಕಡ್ಡಿಗಳ ತಯಾರಿಕೆಯಲ್ಲಿದ್ದ ಕೆಲಸಗಾರ್ತಿಯದೆಂದು ಗೊತ್ತಾದದ್ದು 2009ರಲ್ಲಿ. ಕಡ್ಡಿಗಳು ಕ್ರಿಮಿರಹಿತವೇ ಆಗಿದ್ದವು! ಆಮೇಲೆ 2016ರಲ್ಲಿ ಇಂಥ ಸಾಮಗ್ರಿಗಳಿಗಾಗಿಯೇ ಐಎಸ್‌ಒ 18385 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಹಾಗಾಗಿ ‘ಕ್ರಿಮಿರಹಿತ’ ಒಂದು ಪದ, ‘ಮಾನವ ಡಿಎನ್‌ಎ ರಹಿತ’ ಇನ್ನೊಂದು. ‘ಶುದ್ಧ’ ಎರಡನ್ನೂ ಮುಚ್ಚಿಹಾಕುತ್ತದೆ.

‘ಗಾಳಿಯಾಡದಂತೆ’ ಎಂಬುದನ್ನು ರಕ್ತದ ಬಟ್ಟೆಗೆ ಅನ್ವಯಿಸಿದರೆ ಮಾದರಿಯೇ ಹಾಳು. ಒದ್ದೆ ಬಟ್ಟೆ ಪ್ಲಾಸ್ಟಿಕ್ಕಿನೊಳಗೆ ಬೂಷ್ಟು ಹಿಡಿಯುತ್ತದೆ, ಬ್ಯಾಕ್ಟೀರಿಯಾ ಡಿಎನ್‌ಎಯನ್ನು ತಿಂದುಹಾಕುತ್ತವೆ. ಅದನ್ನು ಬಿಸಿ ತಗುಲಿಸದೆ ಗಾಳಿಗೆ ಒಣಗಿಸಿ, ಒಂದೊಂದನ್ನೂ ಬೇರೆ ಕಾಗದದ ಚೀಲದಲ್ಲಿಟ್ಟು, ಬಾಯಿಗೆ ಟೇಪ್ ಹಾಕಿ, ಟೇಪಿನ ಮೇಲೆ ಹಾಯುವಂತೆ ಸಹಿ ಮಾಡಬೇಕು. ಇಲ್ಲಿ ‘ಸೀಲ್’ ಎಂದರೆ ತೆರೆದರೆ ಗೊತ್ತಾಗುವಂತೆ ಮುಚ್ಚುವುದು. ಬೆಂಕಿ ಪ್ರಕರಣದ ಬೂದಿ, ಅರೆಬೆಂದ ಚೂರುಗಳಿಗೆ ಮಾತ್ರ ನಿಜಕ್ಕೂ ಗಾಳಿಯಾಡದ ಲೋಹದ ಡಬ್ಬಿ ಬೇಕು. ಕಾಗದದಲ್ಲಿಟ್ಟರೆ ಪೆಟ್ರೋಲಿನ ಆವಿ ಹಾರಿಹೋಗಿ ಪರೀಕ್ಷಿಸಲು ಏನೂ ಉಳಿಯದು.

ಇನ್ನು ಕಡತದಲ್ಲಿ ‘ರಕ್ತ ಪತ್ತೆ ಪರೀಕ್ಷೆ’ ಎಂದಿದ್ದರೆ ‘ರಕ್ತಸೂಚಕ ಪರೀಕ್ಷೆ’ ಎಂದು ಮಾಡಿ. ಫಿನಾಲ್ಫ್‌ಥಲೀನ್ ದ್ರಾವಣ ಹಾಕಿ ಸ್ವಲ್ಪ ತಡೆದು, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ತಕ್ಷಣ ಗುಲಾಬಿ ಬಂದರೆ ‘ರಕ್ತವಿರಬಹುದು’ ಎಂದಷ್ಟೇ ಅರ್ಥ. ಪೆರಾಕ್ಸೈಡಿಗೆ ಮುಂಚೆಯೇ ಬಣ್ಣ ಬಂದರೆ ಬೇರಾವುದೋ ಉತ್ಕರ್ಷಕ ರಾಸಾಯನಿಕದ ಕೆಲಸ. ಬಹಳ ಹೊತ್ತಿನ ಮೇಲೆ ಬಂದ ಗುಲಾಬಿಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ದ್ರಾವಣ ತಾನಾಗಿಯೇ ಬಣ್ಣ ತಳೆಯುತ್ತದೆ. ರಕ್ತವೇ, ಅದೂ ಮನುಷ್ಯರದೇ ಎಂದು ಹೇಳಲು ಬೇರೆ ಪರೀಕ್ಷೆಗಳಿವೆ; ‘ಪತ್ತೆ’ ಎಂಬ ಪದವನ್ನು ಅವುಗಳಿಗೆ ಉಳಿಸಿಡಿ.