ವಿರೋಧ ಪಕ್ಷದ ನಾಯಕರ ವಿವೇಚನೆಯನ್ನು ಫಲಿತಾಂಶದ ಹಂಗಿಲ್ಲದೆ ಚರ್ಚಿಸುವುದು ಹೇಗೆ? ಅನುಭವಿಗಳಿಂದ ಸಲಹೆ ಬೇಕಾಗಿದೆ

ಪ್ರಶ್ನೆ

ನಾನು ವಿಜಯನಗರ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಚುನಾವಣಾ ಪ್ರಚಾರದ ಹೊತ್ತಿನಲ್ಲಿ ವಿರೋಧ ಪಕ್ಷದ ನಾಯಕರು ತೆಗೆದುಕೊಳ್ಳುವ ನಿರ್ಧಾರಗಳ ಬಗ್ಗೆ ಮುಂದಿನ ತಿಂಗಳು ನಮ್ಮಲ್ಲಿ ಒಂದು ಚರ್ಚೆ ಏರ್ಪಾಡಾಗಿದ್ದು, ಅದನ್ನು ನಡೆಸಿಕೊಡುವ ಹೊಣೆ ನನ್ನ ಮೇಲಿದೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಫಲಿತಾಂಶವನ್ನು ಮುಂದಿಟ್ಟುಕೊಂಡೇ ತೀರ್ಪು ಕೊಡುತ್ತಾರೆ: ಗೆದ್ದರೆ ಚಾಣಾಕ್ಷ, ಸೋತರೆ ಅವಿವೇಕಿ. ಉಳಿದವರು ಪಕ್ಷ ನೋಡಿ ಮಾತನಾಡುತ್ತಾರೆ. ಇಂಥ ಚರ್ಚೆ ನಡೆಸಿದವರು ಯಾವ ಪ್ರಕರಣವನ್ನು ಆರಿಸಿಕೊಂಡಿರಿ, ಮಾತು ಹಳಿ ತಪ್ಪದಂತೆ ಹೇಗೆ ನೋಡಿಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಬಳ್ಳಾರಿಯ ನಿವೃತ್ತ ಉಪನ್ಯಾಸಕರೊಬ್ಬರ ಉತ್ತರ

ನಿಮ್ಮ ಸೀಮೆಯ ವಿದ್ಯಾರ್ಥಿಗಳಿಗೆ 1999ರ ಬಳ್ಳಾರಿ ಲೋಕಸಭಾ ಚುನಾವಣೆಗಿಂತ ಹತ್ತಿರದ ಪ್ರಕರಣ ಸಿಗಲಾರದು. ನಿಮ್ಮ ಜಿಲ್ಲೆಯ ಹೆಚ್ಚಿನ ಭಾಗ ಆಗಿನ್ನೂ ಬಳ್ಳಾರಿಗೇ ಸೇರಿತ್ತು; ಆ ಚುನಾವಣೆಯನ್ನು ಕಣ್ಣಾರೆ ಕಂಡವರು ಈ ಮಕ್ಕಳ ಮನೆಗಳಲ್ಲೇ ಇದ್ದಾರೆ. ಆ ವರ್ಷ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿದ್ದಿತ್ತು. ಪರ್ಯಾಯ ಸರ್ಕಾರ ಕಟ್ಟಲು ಸೋನಿಯಾ ಗಾಂಧಿಯವರು ನಡೆಸಿದ ಯತ್ನ, ಮುಲಾಯಂ ಸಿಂಗ್ ಯಾದವ್ ಬೆಂಬಲ ಕೊಡದ ಕಾರಣ ಕೈಗೂಡಲಿಲ್ಲ. ಮೇ ತಿಂಗಳಲ್ಲಿ ಶರದ್ ಪವಾರ್, ಪಿ.ಎ. ಸಂಗ್ಮಾ ಮತ್ತು ತಾರಿಕ್ ಅನ್ವರ್ ಅವರು ಸೋನಿಯಾ ಅವರ ವಿದೇಶಿ ಮೂಲವನ್ನೇ ಪ್ರಶ್ನಿಸಿ ಕಾಂಗ್ರೆಸ್ಸಿನಿಂದ ಹೊರಬಿದ್ದರು. ಅಷ್ಟರಲ್ಲಿ ಕಾರ್ಗಿಲ್ ಯುದ್ಧ ನಡೆದು, ದೇಶದ ಭಾವನೆ ಸರ್ಕಾರದ ಕಡೆಗೆ ವಾಲಿತ್ತು. ಇಂಥ ಹೊತ್ತಿನಲ್ಲಿ, ಜೀವನದಲ್ಲಿ ಮೊದಲ ಬಾರಿಗೆ ಚುನಾವಣೆಗೆ ನಿಲ್ಲುತ್ತಿದ್ದ ಸೋನಿಯಾ ಅಮೇಠಿಯ ಜೊತೆಗೆ ಬಳ್ಳಾರಿಯಲ್ಲೂ ಸ್ಪರ್ಧಿಸಿದರು.

ತರಗತಿಯಲ್ಲಿ ಇದನ್ನು ಚರ್ಚೆಗೆ ತರುವಾಗ ನಾನು ಕಪ್ಪು ಹಲಗೆಯ ನಡುವೆ ಒಂದು ಗೆರೆ ಎಳೆಯುತ್ತಿದ್ದೆ. ಎಡಗಡೆ ನಾಮಪತ್ರ ಸಲ್ಲಿಸಿದ ದಿನ ಎಲ್ಲರಿಗೂ ಗೊತ್ತಿದ್ದ ಸಂಗತಿಗಳು ಮಾತ್ರ ಬರಬೇಕು. ಬಲಗಡೆ ಆಮೇಲೆ ನಡೆದದ್ದು. ಎಡಗಡೆ ತುಂಬುವವರೆಗೆ ಬಲಗಡೆ ಯಾರೂ ಒಂದಕ್ಷರ ಬರೆಸುವಂತಿಲ್ಲ. ಈ ಒಂದು ನಿಯಮದಿಂದ ಮಾತಿನ ಧಾಟಿಯೇ ಬದಲಾಗುವುದನ್ನು ನಾನು ಪ್ರತಿ ವರ್ಷ ಕಂಡಿದ್ದೇನೆ. ಹಿಂದಿನ ವರ್ಷ, ಅಂದರೆ 1998ರಲ್ಲಿ, ಉತ್ತರ ಪ್ರದೇಶದಲ್ಲಿ ಕಾಂಗ್ರೆಸ್ಸಿಗೆ ಒಂದು ಸ್ಥಾನವೂ ಬಂದಿರಲಿಲ್ಲ. ಅಮೇಠಿಯನ್ನೂ ಬಿಜೆಪಿಯ ಸಂಜಯ್ ಸಿಂಗ್ ಗೆದ್ದುಕೊಂಡಿದ್ದರು. ಬಳ್ಳಾರಿಯಾದರೋ 1952ರಿಂದ ಕಾಂಗ್ರೆಸ್ಸಿನ ಕೈ ಬಿಟ್ಟು ಹೋಗಿರಲಿಲ್ಲ. ಕರ್ನಾಟಕದಲ್ಲಿ ಜನತಾದಳ ಒಡೆದಿತ್ತು, ವಿಧಾನಸಭೆಗೂ ಜೊತೆಯಲ್ಲೇ ಚುನಾವಣೆ ನಡೆಯುವುದಿತ್ತು. ಇಷ್ಟನ್ನು ಹಲಗೆಯ ಮೇಲೆ ಬರೆದ ಮೇಲೆ, ಹೆದರಿ ಓಡಿ ಬಂದರು ಎಂದು ಮಾತು ಆರಂಭಿಸಿದ್ದವರು ಕೂಡ ಎರಡನೆಯ ಕ್ಷೇತ್ರವನ್ನು ಹುಡುಕಿದ್ದಕ್ಕೆ ಕಾರಣವಿತ್ತೆಂದು ಒಪ್ಪಿಕೊಳ್ಳುತ್ತಿದ್ದರು.

ಆದರೆ ಎಡಗಡೆಯ ಪಟ್ಟಿ ಅವರ ಪರವಾಗಿಯೇ ಇರುವುದಿಲ್ಲ ಎಂಬುದನ್ನೂ ತೋರಿಸಬೇಕು. ಕ್ಷೇತ್ರ ಯಾವುದೆಂಬುದನ್ನು ಪಕ್ಷ ಕೊನೆಯ ಗಳಿಗೆಯವರೆಗೆ ಗುಟ್ಟಾಗಿಟ್ಟಿತು. ಸೋನಿಯಾ ಹೈದರಾಬಾದಿಗೆ ಬಂದಿಳಿದಾಗ ಪತ್ರಕರ್ತರು ಇನ್ನೂ ಕಡಪದ ಕಡೆ ನೋಡುತ್ತಿದ್ದರು. ಎದುರಾಳಿಯನ್ನು ದಿಕ್ಕು ತಪ್ಪಿಸುವ ಲೆಕ್ಕಾಚಾರ ಅದಾಗಿದ್ದರೂ, ಬಿಜೆಪಿ ಅಷ್ಟೇ ಚುರುಕಾಗಿ ಸುಷ್ಮಾ ಸ್ವರಾಜ್ ಅವರನ್ನು ಕಣಕ್ಕಿಳಿಸಿತು. ಸುಷ್ಮಾ ಕನ್ನಡ ಕಲಿತು, ಸಭೆಗಳಲ್ಲಿ ಕನ್ನಡದಲ್ಲೇ ಮಾತನಾಡಿ ಜನರ ಮನಸ್ಸಿಗೆ ಹತ್ತಿರವಾದರು. ಮುಂದೆ ಹಲವು ವರ್ಷ ವರಮಹಾಲಕ್ಷ್ಮಿ ಪೂಜೆಗೆ ಬಳ್ಳಾರಿಗೆ ಬರುತ್ತಿದ್ದರು. ಸ್ವದೇಶಿ ಮಗಳು, ವಿದೇಶಿ ಸೊಸೆ ಎಂಬ ಹೋಲಿಕೆಯಲ್ಲಿ ಇಡೀ ಪ್ರಚಾರ ಸಿಕ್ಕಿಬಿದ್ದಿತು. ತನ್ನ ಅತಿ ದುರ್ಬಲ ವಿಷಯವೇ ಚರ್ಚೆಯ ಕೇಂದ್ರಕ್ಕೆ ಬರುವಂಥ ಕಣವನ್ನು ನಾಯಕರು ತಾವಾಗಿ ಸೃಷ್ಟಿಸಿಕೊಂಡರೇ ಎಂಬುದು ಆಗಲೂ ಗಂಭೀರ ಪ್ರಶ್ನೆಯಾಗಿತ್ತು, ಈಗಲೂ ಆಗಿದೆ.

ಬಲಗಡೆಗೆ ಬಂದರೆ: ಸೋನಿಯಾ 56,100 ಮತಗಳ ಅಂತರದಿಂದ ಗೆದ್ದರು, ಅಮೇಠಿಯಲ್ಲಿ ಮೂರು ಲಕ್ಷದಷ್ಟು ಅಂತರದಿಂದ ಗೆದ್ದರು, ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ರಾಜ್ಯದಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು, ದೇಶದಲ್ಲಿ ಕಾಂಗ್ರೆಸ್ 114 ಸ್ಥಾನಕ್ಕೆ ಇಳಿಯಿತು. 2000ದ ಉಪಚುನಾವಣೆಯಲ್ಲಿ ಬಳ್ಳಾರಿ ಕಾಂಗ್ರೆಸ್ಸಿಗೇ ಉಳಿದರೂ 2004ರಲ್ಲಿ ಬಿಜೆಪಿಯ ಜಿ. ಕರುಣಾಕರ ರೆಡ್ಡಿ ಗೆದ್ದರು. ಒಮ್ಮೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಅಮೇಠಿ ಕೈಕೊಟ್ಟರೆ ಇರಲಿ ಎಂದು ನಮ್ಮ ಜಿಲ್ಲೆಯ ಮತವನ್ನು ಜಾಮೀನಾಗಿ ಇಟ್ಟುಕೊಂಡಿದ್ದರೇ, ಅದನ್ನು ಮೊದಲೇ ನಮಗೆ ಹೇಳಬಾರದಿತ್ತೇ ಎಂದು ಕೇಳಿದಳು. ನನ್ನ ಅಭಿಪ್ರಾಯವೂ ಆಕೆಯದಕ್ಕೆ ಹತ್ತಿರವೇ. ಎರಡನೆಯ ಕ್ಷೇತ್ರ ಬೇಕೆಂದು ತೀರ್ಮಾನಿಸಿದ್ದು ಸರಿ, ಗುಟ್ಟು ಕಾಯ್ದದ್ದರಿಂದ ಸಿಕ್ಕಿದ್ದು ಅಷ್ಟರಲ್ಲೇ, ಎರಡೂ ಕಡೆ ಗೆದ್ದರೆ ಯಾವುದನ್ನು ಉಳಿಸಿಕೊಳ್ಳುವೆನೆಂದು ಮತದಾರರಿಗೆ ಹೇಳದೆ ಇದ್ದದ್ದು ಸರಿಯಲ್ಲ. ಒಂದೇ ನಿರ್ಧಾರದೊಳಗೆ ಹೀಗೆ ಮೂರು ನಿರ್ಧಾರಗಳಿರುತ್ತವೆ. ಅವನ್ನು ಬಿಡಿಸಿ ಒಂದೊಂದಾಗಿ ಕೇಳಿದರೆ ವಿದ್ಯಾರ್ಥಿಗಳು ಪಕ್ಷವನ್ನು ಮರೆತು ಯೋಚಿಸತೊಡಗುತ್ತಾರೆ.

ಧಾರವಾಡದಿಂದ ಒಬ್ಬ ಶಿಕ್ಷಕಿ

ಮೇಲಿನ ಹಿರಿಯರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಪಕ್ಷ ನೋಡಿ ಮಾತನಾಡುವವರಿಗೆ ನಾನು ಅದೇ ನಿರ್ಧಾರವನ್ನು ಬೇರೆ ಪಕ್ಷದ ನಾಯಕರ ಹೆಸರಿನಲ್ಲಿ ಕೊಡುತ್ತೇನೆ. ವಿರೋಧ ಪಕ್ಷದಲ್ಲಿದ್ದಾಗ 1991ರಲ್ಲಿ ವಾಜಪೇಯಿ ಲಖನೌ ಮತ್ತು ವಿದಿಶಾ ಎರಡರಲ್ಲೂ ನಿಂತರು, ವಿದಿಶಾವನ್ನು ಬಿಟ್ಟರು. 2014ರಲ್ಲಿ ನರೇಂದ್ರ ಮೋದಿ ವಡೋದರಾ ಮತ್ತು ವಾರಾಣಸಿಯಲ್ಲಿ ಗೆದ್ದು ವಡೋದರಾವನ್ನು ಬಿಟ್ಟರು. 2018ರಲ್ಲಿ ಎಚ್.ಡಿ. ಕುಮಾರಸ್ವಾಮಿ ರಾಮನಗರ ಮತ್ತು ಚನ್ನಪಟ್ಟಣ ಎರಡನ್ನೂ ಗೆದ್ದು ರಾಮನಗರವನ್ನು ಬಿಟ್ಟರು. ಒಬ್ಬರ ವಿಷಯದಲ್ಲಿ ಪಲಾಯನವೆಂದದ್ದನ್ನು ಇನ್ನೊಬ್ಬರ ವಿಷಯದಲ್ಲಿ ತಂತ್ರವೆನ್ನುವವರು ಕಾರಣ ಕೊಡಬೇಕು. ಅಂಥ ಕಾರಣ ನಿಜವಾಗಿಯೂ ಇರಬಹುದು, ಆದರೆ ಅದನ್ನು ಬಾಯಿಬಿಟ್ಟು ಹೇಳಿಸುವುದೇ ಚರ್ಚೆಯ ಕೆಲಸ. ಒಬ್ಬ ಅಭ್ಯರ್ಥಿ ಎರಡಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ನಿಲ್ಲಬಾರದೆಂಬ ಮಿತಿಯನ್ನು 1996ರ ತಿದ್ದುಪಡಿಯಿಂದ ಜನಪ್ರತಿನಿಧಿ ಕಾಯ್ದೆಯಲ್ಲಿ ತರಲಾಯಿತು ಎಂಬುದನ್ನು ಮೊದಲೇ ತಿಳಿಸಿಬಿಡಿ, ಇಲ್ಲದಿದ್ದರೆ ಇದು ಕಾನೂನುಬಾಹಿರವೇ ಎಂಬ ಪ್ರಶ್ನೆಯಲ್ಲೇ ಹೊತ್ತು ಕಳೆಯುತ್ತದೆ.

ಕೋಲಾರದ ವಕೀಲರೊಬ್ಬರ ಉತ್ತರ

ಕ್ಷೇತ್ರದ ಆಯ್ಕೆ ತಿಂಗಳುಗಟ್ಟಲೆ ಯೋಚಿಸಿ ತೆಗೆದುಕೊಳ್ಳುವ ನಿರ್ಧಾರ. ವೇದಿಕೆಯ ಮೇಲೆ ಕ್ಷಣದಲ್ಲಿ ಹೊರಡುವ ಮಾತಿನಲ್ಲಿರುವ ವಿವೇಚನೆ ಬೇರೆಯದೇ ಬಗೆಯದು, ಮತ್ತು ಪ್ರಚಾರದಲ್ಲಿ ಹೆಚ್ಚು ಹಾನಿ ಮಾಡುವುದು ಅದೇ. ನಮ್ಮ ಊರಿನಲ್ಲಿ ನಾವು ಗೆಳೆಯರು ಸೇರಿ ಇಂಥದೊಂದು ಚರ್ಚೆ ನಡೆಸಿದಾಗ, ನಮ್ಮ ಊರಿನದೇ ಪ್ರಕರಣವನ್ನು ತೆಗೆದುಕೊಂಡೆವು. 2019ರ ಏಪ್ರಿಲ್ 13ರಂದು, ಮತದಾನಕ್ಕೆ ಐದು ದಿನವಿರುವಾಗ, ಕೋಲಾರದ ಸಭೆಯಲ್ಲಿ ಅಂದಿನ ಕಾಂಗ್ರೆಸ್ ಅಧ್ಯಕ್ಷ ರಾಹುಲ್ ಗಾಂಧಿಯವರು ನೀರವ್ ಮೋದಿ, ಲಲಿತ್ ಮೋದಿ, ನರೇಂದ್ರ ಮೋದಿ ಎಂದು ಹೆಸರಿಸಿ, ಕಳ್ಳರೆಲ್ಲರಿಗೂ ಮೋದಿ ಎಂಬ ಹೆಸರೇ ಏಕಿದೆ ಎಂಬರ್ಥದ ಪ್ರಶ್ನೆ ಹಾಕಿದರು. ಅದಕ್ಕೆ ಮೂರು ದಿನ ಮೊದಲು ರಫೇಲ್ ಯುದ್ಧವಿಮಾನ ಖರೀದಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮರುಪರಿಶೀಲನೆಗೆ ಕೆಲವು ದಾಖಲೆಗಳನ್ನು ಪರಿಗಣಿಸಲು ಒಪ್ಪಿದಾಗ, ಚೌಕೀದಾರನೇ (ತಮ್ಮನ್ನು ಹಾಗೆ ಕರೆದುಕೊಳ್ಳುತ್ತಿದ್ದ ಪ್ರಧಾನಿ ಮೋದಿಯೇ) ಕಳ್ಳನೆಂದು ನ್ಯಾಯಾಲಯವೇ ಹೇಳಿದೆ ಎಂದುಬಿಟ್ಟಿದ್ದರು. ನ್ಯಾಯಾಲಯ ಹಾಗೆ ಹೇಳಿರಲಿಲ್ಲ. ಆ ಮಾತಿಗಾಗಿ ಮೇ 8ರಂದು, ಅಂದರೆ ಚುನಾವಣೆ ಮುಗಿಯುವ ಮೊದಲೇ, ಅವರು ಬೇಷರತ್ ಕ್ಷಮೆ ಕೇಳಬೇಕಾಯಿತು.

ಕೋಲಾರದ ಮಾತಿನ ಪರಿಣಾಮ ಇನ್ನೂ ದೂರ ಹೋಯಿತು. ಗುಜರಾತಿನ ಬಿಜೆಪಿ ಶಾಸಕ ಪೂರ್ಣೇಶ್ ಮೋದಿ ಸೂರತ್‌ನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದರು. 2023ರ ಮಾರ್ಚ್ 23ರಂದು ಅಲ್ಲಿನ ನ್ಯಾಯಾಲಯ ಆ ಅಪರಾಧಕ್ಕೆ ಕಾನೂನಿನಲ್ಲಿರುವ ಗರಿಷ್ಠ ಶಿಕ್ಷೆಯನ್ನೇ, ಎರಡು ವರ್ಷದ ಸೆರೆವಾಸವನ್ನು, ವಿಧಿಸಿತು. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದರೆ ಸದಸ್ಯತ್ವ ಹೋಗುತ್ತದೆ. ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ದೋಷನಿರ್ಣಯಕ್ಕೆ ತಡೆ ನೀಡಿದ ಮೇಲೆ ಅವರು ಸದನಕ್ಕೆ ಮರಳಿದರು.

ಚರ್ಚೆ ನಡೆಸುವವರಿಗೆ ಆ ಆದೇಶ ತುಂಬ ಉಪಯುಕ್ತ. ಗರಿಷ್ಠ ಶಿಕ್ಷೆಯನ್ನೇ ಕೊಡಲು ವಿಚಾರಣಾ ನ್ಯಾಯಾಲಯ ಕಾರಣ ಕೊಟ್ಟಿಲ್ಲವೆಂದು ಅದು ಹೇಳಿತು. ಆ ಮಾತುಗಳು ಸದಭಿರುಚಿಯವಲ್ಲ, ಸಾರ್ವಜನಿಕ ಜೀವನದಲ್ಲಿರುವವರು ಭಾಷಣ ಮಾಡುವಾಗ ಎಚ್ಚರ ವಹಿಸಬೇಕೆಂದೂ ಹೇಳಿತು. ನಮ್ಮ ಸಭೆಯಲ್ಲಿ ಒಂದು ಗುಂಪು ಮೊದಲ ಭಾಗವನ್ನಷ್ಟೇ ಓದುತ್ತಿತ್ತು, ಇನ್ನೊಂದು ಗುಂಪು ಎರಡನೆಯದನ್ನಷ್ಟೇ. ಎರಡನ್ನೂ ಒಟ್ಟಿಗೆ ಗಟ್ಟಿಯಾಗಿ ಓದಿಸಿದ ಮೇಲೆ ಪ್ರಶ್ನೆಗಳು ತಾವಾಗಿ ಬೇರೆಯಾದವು. ಆ ಮಾತು ವಿವೇಕದ್ದೇ? ಅದು ಅಪರಾಧವೇ? ಶಿಕ್ಷೆ ತಕ್ಕದ್ದೇ? ಮೂರನೆಯದಕ್ಕೆ ಇಲ್ಲವೆಂದು ಹೇಳಿದವರು ಮೊದಲನೆಯದಕ್ಕೆ ಹೌದೆನ್ನಬೇಕಾಗಿಲ್ಲ. ಶಿಕ್ಷೆ ಅತಿಯಾಯಿತೆಂದು ನಂಬುವ ನಾನು, ಒಂದು ಹೆಸರನ್ನು ಹೊತ್ತ ಎಲ್ಲರಿಗೂ ತಗಲುವಂಥ ಮಾತನ್ನು ಒಬ್ಬ ರಾಷ್ಟ್ರೀಯ ನಾಯಕ ಆಡಬಾರದಿತ್ತೆಂದೂ ಅಷ್ಟೇ ಬಲವಾಗಿ ನಂಬುತ್ತೇನೆ. ಆ ಚುನಾವಣೆಯಲ್ಲಿ ಏಳು ಬಾರಿ ಗೆದ್ದಿದ್ದ ಕೆ.ಎಚ್. ಮುನಿಯಪ್ಪ ಕೋಲಾರದಲ್ಲಿ ಸೋತರು, ನಿಜ. ಆದರೆ ಕರ್ನಾಟಕದಲ್ಲೇ ಕಾಂಗ್ರೆಸ್ಸಿಗೆ ಬಂದದ್ದು ಒಂದೇ ಸ್ಥಾನವಾದ್ದರಿಂದ, ಆ ಸೋಲನ್ನು ಆ ಭಾಷಣದ ಲೆಕ್ಕಕ್ಕೆ ಬರೆಯಲು ಬಿಡಬೇಡಿ.

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿರುವ ಕನ್ನಡಿಗರೊಬ್ಬರು

ವಕೀಲರು ಕೊನೆಯಲ್ಲಿ ಹೇಳಿದ ಎಚ್ಚರಿಕೆಗೆ ಇಲ್ಲಿಯದೊಂದು ಉದಾಹರಣೆ. 1992ರ ಏಪ್ರಿಲ್ 1ರಂದು, ಮತದಾನಕ್ಕೆ ಎಂಟು ದಿನವಿರುವಾಗ, ವಿರೋಧದಲ್ಲಿದ್ದ ಲೇಬರ್ ಪಕ್ಷದ ನಾಯಕ ನೀಲ್ ಕಿನ್ನಕ್ ಶೆಫೀಲ್ಡ್‌ನಲ್ಲಿ ಭಾರೀ ಸಮಾವೇಶ ನಡೆಸಿದರು. ಗೆದ್ದೇಬಿಟ್ಟಂಥ ಸಂಭ್ರಮ ಅಲ್ಲಿತ್ತು. ಕಿನ್ನಕ್ ವೇದಿಕೆಯ ಮೇಲೆ ಉತ್ಸಾಹದಿಂದ ಕೂಗಿದ್ದನ್ನು ಇಲ್ಲಿಯ ಹಿರಿಯರು ಇಂದಿಗೂ ಹೇಳುತ್ತಾರೆ. ಪಕ್ಷ ಸೋತಿತು, ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ಜಾನ್ ಮೇಜರ್ 21 ಸ್ಥಾನಗಳ ಬಹುಮತದಿಂದ ಮರಳಿದರು. ಆ ಸಂಜೆಯ ಅಹಂಕಾರವೇ ಚುನಾವಣೆಯನ್ನು ಕಳೆಯಿತೆಂಬ ಮಾತು ಬಹುಬೇಗ ನೆಲೆಯೂರಿತು. ಆದರೆ ಆ ವರ್ಷದ ಮತಸಮೀಕ್ಷೆಗಳೇ ತಪ್ಪಾಗಿದ್ದವೆಂದು, ಕನ್ಸರ್ವೇಟಿವ್ ಬೆಂಬಲಿಗರನ್ನು ಅವು ಕಡಿಮೆ ಎಣಿಸಿದ್ದವೆಂದು ಆಮೇಲಿನ ವಿಚಾರಣೆಯಲ್ಲಿ ಕಂಡುಬಂತು. ಸಮಾವೇಶಕ್ಕೆ ಮೊದಲೂ ಲೇಬರ್ ನಿಜವಾಗಿ ಮುಂದಿತ್ತೇ ಎಂಬುದೇ ಅನುಮಾನವಾದಾಗ, ಇದ್ದ ಮುನ್ನಡೆಯನ್ನು ಒಂದು ಸಂಜೆ ಕಳೆಯಿತೆಂಬ ಕಥೆ ನಿಲ್ಲುವುದು ಕಷ್ಟ. ಕಿನ್ನಕ್ ಅವರ ವರ್ತನೆ ಒಬ್ಬ ಭಾವಿ ಪ್ರಧಾನಿಗೆ ಒಪ್ಪುವಂತಿತ್ತೇ ಎಂಬುದು ಬೇರೆ ಪ್ರಶ್ನೆ, ಅದನ್ನು ಧಾರಾಳವಾಗಿ ಚರ್ಚಿಸಬಹುದು.

ಗುಂಡ್ಲುಪೇಟೆಯಿಂದ ಒಬ್ಬ ಓದುಗರು

ನಮ್ಮ ಗಡಿಯಾಚೆಗಿನ ವಯನಾಡನ್ನೂ ನೋಡಿ. 2019ರಲ್ಲಿ ರಾಹುಲ್ ಅಲ್ಲಿ ನಿಂತಾಗ, ಬಿಜೆಪಿಯನ್ನು ಎದುರಿಸಬೇಕಾದವರು ಎಡಪಕ್ಷದ ವಿರುದ್ಧ ಏಕೆ ಬಂದರು ಎಂದು ಎಡಪಕ್ಷಗಳು ಕೇಳಿದವು. ಅಮೇಠಿಯಲ್ಲಿ ಅವರು 55,120 ಮತಗಳಿಂದ ಸೋತು, ವಯನಾಡಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ನಿಮ್ಮ ಚರ್ಚೆಗೆ ಹೆಚ್ಚು ಒದಗುವುದು 2024. ವಯನಾಡು ಏಪ್ರಿಲ್ 26ರಂದು ಮತ ಹಾಕಿತು. ರಾಯಬರೇಲಿಯಲ್ಲೂ ನಿಲ್ಲುತ್ತಾರೆಂದು ಹೊರಬಿದ್ದದ್ದು ಮೇ 3ರಂದು. ಎರಡೂ ಕಡೆ ಗೆದ್ದು ವಯನಾಡನ್ನು ಬಿಟ್ಟರು, ನವೆಂಬರಿನ ಉಪಚುನಾವಣೆಯಲ್ಲಿ ಪ್ರಿಯಾಂಕಾ ಗಾಂಧಿ ಅಲ್ಲಿ ದೊಡ್ಡ ಅಂತರದಿಂದ ಗೆದ್ದರು. ಜನ ಸಿಟ್ಟಾಗಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಬಳ್ಳಾರಿಯ ಆ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಇದು ಉತ್ತರವಾಗುವುದಿಲ್ಲ. ಮತ ಹಾಕುವ ದಿನ ತಿಳಿಯಬೇಕಾದದ್ದು ವಾರದ ನಂತರ ತಿಳಿಯಿತು.

ಕ್ಷೇತ್ರದ ಆಯ್ಕೆ ಪ್ರಚಾರದ ನಂತರವೂ ನಾಯಕರನ್ನು ಕಟ್ಟಿಹಾಕುತ್ತದೆ ಎಂಬುದಕ್ಕೆ ಬಂಡೀಪುರದ ರಸ್ತೆ ಸಾಕ್ಷಿ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗಿನ ವಾಹನ ನಿಷೇಧ ವಯನಾಡಿನವರಿಗೆ ದೊಡ್ಡ ತೊಂದರೆ, ನಮ್ಮ ಕಡೆಯ ವನ್ಯಜೀವಿ ಕಾರ್ಯಕರ್ತರಿಗೆ ಕಾಡು ಉಳಿಸುವ ಕ್ರಮ. 2019ರ ಅಕ್ಟೋಬರಿನಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ನಿಷೇಧದ ವಿರುದ್ಧ ಉಪವಾಸ ಕುಳಿತವರನ್ನು ರಾಹುಲ್ ಭೇಟಿಯಾದರು. ವಯನಾಡಿನ ಸಂಸದರಾಗಿ ಅದು ಸಹಜವೇ, ಆದರೆ ಅದೇ ಪಕ್ಷದ ಕರ್ನಾಟಕದ ನಾಯಕರು ಇಲ್ಲಿ ಉತ್ತರಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಕೃತಜ್ಞತೆಗಳು. ಬಳ್ಳಾರಿಯ ಪ್ರಕರಣವನ್ನೇ ಮುಖ್ಯವಾಗಿಟ್ಟುಕೊಂಡು, ಕಪ್ಪು ಹಲಗೆಯ ಎರಡು ಭಾಗಗಳ ಕ್ರಮವನ್ನು ಅನುಸರಿಸುತ್ತೇನೆ. ಕೋಲಾರದ ಮೂರು ಪ್ರಶ್ನೆಗಳನ್ನು ಮಧ್ಯಾಹ್ನದ ಗೋಷ್ಠಿಗೆ ಇಡುತ್ತೇನೆ. 1999ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳ ಕನ್ನಡ ದಿನಪತ್ರಿಕೆಗಳ ಬಳ್ಳಾರಿ ವರದಿಗಳನ್ನು ಯಾರಾದರೂ ಕತ್ತರಿಸಿ ಇಟ್ಟುಕೊಂಡಿದ್ದರೆ ತಿಳಿಸಿ. ಎಡಗಡೆಯ ಪಟ್ಟಿಯನ್ನು ನನ್ನ ಬಾಯಿಂದ ಹೇಳುವುದಕ್ಕಿಂತ ಅಂದಿನ ಪತ್ರಿಕೆಗಳಿಂದಲೇ ವಿದ್ಯಾರ್ಥಿಗಳು ತುಂಬುವಂತೆ ಮಾಡಬೇಕೆಂದಿದ್ದೇನೆ. ಪ್ರತಿಗಳ ನಕಲು ಮಾಡಿಸುವ ವೆಚ್ಚವನ್ನು ಕಾಲೇಜು ಕೊಡುತ್ತದೆ.